‘ವಯಸ್ಸಾಯಿತು’ ಎಂಬ ಉತ್ತರದಾಚೆ

ಅರವತ್ತು ದಾಟಿದವರಿಗಾಗಿಯೇ ಕೇಂದ್ರ ಸರ್ಕಾರ 2010–11ರಲ್ಲಿ ಆರಂಭಿಸಿದ ಹಿರಿಯರ ಆರೋಗ್ಯ ಆರೈಕೆಯ ರಾಷ್ಟ್ರೀಯ ಕಾರ್ಯಕ್ರಮವು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಾರಕ್ಕೊಮ್ಮೆ, ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ವಾರಕ್ಕೆರಡು ಬಾರಿ ಹಿರಿಯರ ಪ್ರತ್ಯೇಕ ಚಿಕಿತ್ಸಾಲಯ ನಡೆಯಬೇಕೆಂದೂ, ಜಿಲ್ಲಾ ಆಸ್ಪತ್ರೆಯಲ್ಲಿ ಹತ್ತು ಹಾಸಿಗೆಗಳ ವಾರ್ಡ್ ಇರಬೇಕೆಂದೂ ವಿಧಿಸಿದೆ. ಅದಕ್ಕೂ ಮೊದಲೇ, 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ ಇಪ್ಪತ್ತನೆಯ ಸೆಕ್ಷನ್ ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಬೇರೆ ಸಾಲು ಇರಬೇಕೆಂದು ಹೇಳಿತ್ತು. ದಿನ, ಸಾಲು, ಉಚಿತ ಮಾತ್ರೆ ಇವೆಲ್ಲ ಇದ್ದೂ, ಹೋಗಿಬಂದ ಹಿರಿಯರಿಗೆ ತಮ್ಮ ತೊಂದರೆಯನ್ನು ಯಾರೋ ಕೇಳಿಸಿಕೊಂಡರು ಎಂಬ ಸಮಾಧಾನ ಏಕೆ ಉಂಟಾಗುವುದಿಲ್ಲ ಎಂಬುದು ಹಿರಿಯರಿಂದಲೂ ಅವರನ್ನು ಕರೆದೊಯ್ಯುವ ಮಕ್ಕಳಿಂದಲೂ ಮತ್ತೆ ಮತ್ತೆ ಬರುವ ಪ್ರಶ್ನೆಯಾಗಿದೆ. ಇದಕ್ಕೆ ವೈದ್ಯರ ಕೊರತೆ, ಜನಸಂದಣಿ ಮುಂತಾದ ಪರಿಚಿತ ಕಾರಣಗಳು ಇದ್ದೇ ಇವೆ. ಆದರೆ ಅವಕ್ಕಿಂತ ಆಳದಲ್ಲಿರುವ ಕಾರಣವೊಂದಿದೆ: ಚಿಕಿತ್ಸಾಲಯವು ರೋಗಗಳನ್ನು ಎಣಿಸುವಂತೆ ರೂಪುಗೊಂಡಿದೆ, ಹಿರಿಯರಾದರೋ ಅಲ್ಲಿಗೆ ಹೊತ್ತು ತರುವುದು ತಮ್ಮಿಂದ ಕಳೆದುಹೋಗುತ್ತಿರುವ ಶಕ್ತಿಯನ್ನು ಕುರಿತ ದೂರನ್ನು.

1946ರ ಭೋರ್ ಸಮಿತಿಯ ವರದಿಯಿಂದ ಮೊದಲ್ಗೊಂಡು ಬೆಳೆದುಬಂದ ಪ್ರಾಥಮಿಕ ಆರೋಗ್ಯ ಕೇಂದ್ರದ ಕಲ್ಪನೆಯಲ್ಲಿ ವೃದ್ಧರು ಮುಖ್ಯ ವ್ಯಕ್ತಿಗಳಾಗಿರಲಿಲ್ಲ. ಹೆರಿಗೆಯಲ್ಲಿ ಸಾಯುತ್ತಿದ್ದ ತಾಯಂದಿರು, ವರ್ಷ ತುಂಬುವ ಮೊದಲೇ ಕಣ್ಮುಚ್ಚುತ್ತಿದ್ದ ಕೂಸುಗಳು, ಮಲೇರಿಯಾ ಮತ್ತು ಕ್ಷಯ ಅಂದಿನ ಚಿಂತೆಗಳಾಗಿದ್ದವು, ಅದು ಸಹಜವೂ ಆಗಿತ್ತು. ಆದರೆ 2011ರ ಜನಗಣತಿಯ ವೇಳೆಗೆ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಹೆಚ್ಚಿದ್ದರು, ಅಂದರೆ ಜನಸಂಖ್ಯೆಯ ಶೇ 8.6ರಷ್ಟು, ಕರ್ನಾಟಕದಲ್ಲಿ ಆ ಪ್ರಮಾಣ ಶೇ 9.5ರಷ್ಟಿತ್ತು. ಬಯಲುಸೀಮೆಯಲ್ಲಿ ಮೂವತ್ತು ಸಾವಿರ ಜನರಿಗೆ ಒಂದರಂತೆ ನಿಗದಿಯಾದ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಈ ಲೆಕ್ಕದಂತೆ ಎರಡೂವರೆ ಸಾವಿರಕ್ಕೂ ಮಿಕ್ಕಿ ಹಿರಿಯರಿರುತ್ತಾರೆ. ಇಷ್ಟು ಜನರನ್ನು ಹಳೆಯ ಕಟ್ಟಡಕ್ಕೆ ಹೊಸ ಫಲಕ ಹಾಕಿ ಬರಮಾಡಿಕೊಂಡರೆ ಸಾಲದು.

ಮುಪ್ಪಿನ ದೇಹದಲ್ಲಿ ರೋಗ ನಡೆದುಕೊಳ್ಳುವ ರೀತಿಯೇ ಬೇರೆ. ನಲವತ್ತರ ವ್ಯಕ್ತಿಗೆ ಹೃದಯಾಘಾತವಾದರೆ ಸಾಮಾನ್ಯವಾಗಿ ಎದೆನೋವು ಕಾಣಿಸಿಕೊಳ್ಳುತ್ತದೆ; ಎಂಬತ್ತರ ಅಜ್ಜಿಗೆ ನೋವೇ ಇಲ್ಲದೆ ಬರಿಯ ಸುಸ್ತು, ಏದುಸಿರು, ತಲೆಸುತ್ತು ಮಾತ್ರ ಕಾಣಿಸಬಹುದು. ಜ್ವರವಿಲ್ಲದೆ ನ್ಯುಮೋನಿಯಾ ಬರಬಹುದು; ನಿನ್ನೆಯವರೆಗೆ ಚೆನ್ನಾಗಿ ಮಾತನಾಡುತ್ತಿದ್ದವರು ಇಂದು ಮನೆಯವರ ಗುರುತು ಹಿಡಿಯದೆ ತೊದಲಿದರೆ ಅದರ ಮೂಲ ಮಿದುಳಿನಲ್ಲಿರದೆ ಮೂತ್ರದ ಸೋಂಕಿನಲ್ಲೋ, ಹೊಸದಾಗಿ ಸೇರಿದ ಮಾತ್ರೆಯೊಂದರಲ್ಲೋ ಇರಬಹುದು. ಹೀಗೆ ಹಠಾತ್ತಾಗಿ ಉಂಟಾಗುವ ಗೊಂದಲದ ಸ್ಥಿತಿಯನ್ನು ವೈದ್ಯರು ಡೆಲಿರಿಯಂ ಎನ್ನುತ್ತಾರೆ. ತಿಂಗಳು, ವರ್ಷಗಳ ಅವಧಿಯಲ್ಲಿ ನಿಧಾನವಾಗಿ ಆವರಿಸುವ ಮರೆಗುಳಿತನಕ್ಕಿಂತ ಅದು ಭಿನ್ನ, ಕಾರಣ ತಿಳಿದರೆ ಬಹುಮಟ್ಟಿಗೆ ವಾಸಿಯಾಗುವಂಥದ್ದು. ಮೇಲಾಗಿ ಒಂದೇ ದೇಹದಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿಸವೆತ, ಕಣ್ಣಿನ ಪೊರೆ, ನಿದ್ರಾಹೀನತೆಗಳು ಒಟ್ಟಿಗಿರುವುದರಿಂದ ಒಂದೊಂದನ್ನೂ ಬಿಡಿಯಾಗಿ ನೋಡುವ ಚಿಕಿತ್ಸೆ ಇಡೀ ಮನುಷ್ಯನನ್ನು ನೋಡದೆಯೇ ಮುಗಿದುಹೋಗುತ್ತದೆ.

ಇದನ್ನು ವೈದ್ಯಲೋಕಕ್ಕೆ ಮನಗಾಣಿಸಿದವರಲ್ಲಿ ಇಂಗ್ಲೆಂಡಿನ ವೈದ್ಯೆ ಮಾರ್ಜರಿ ವಾರನ್ ಪ್ರಮುಖರು. 1935ರಲ್ಲಿ ಅವರು ಕೆಲಸ ಮಾಡುತ್ತಿದ್ದ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ಪಕ್ಕದ ಬಡವರ ಶುಶ್ರೂಷಾಲಯವೊಂದು ಸೇರ್ಪಡೆಯಾದಾಗ, ವಾಸಿಯಾಗದವರೆಂದು ಹಣೆಪಟ್ಟಿ ಹೊತ್ತು ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ಏಳುನೂರಕ್ಕೂ ಹೆಚ್ಚು ಜನರ ಹೊಣೆ ಅವರ ಪಾಲಿಗೆ ಬಂದಿತು. ಅವರು ಒಬ್ಬೊಬ್ಬರನ್ನೂ ಹೊಸ ರೋಗಿಯೆಂಬಂತೆ ಪರೀಕ್ಷಿಸಿ, ಯಾರಿಗೆ ಏನು ತೊಂದರೆ, ಯಾರು ಎಷ್ಟರಮಟ್ಟಿಗೆ ಎದ್ದು ನಡೆದಾಡಬಲ್ಲರು ಎಂದು ವಿಂಗಡಿಸಿ, ವ್ಯಾಯಾಮ ಮಾಡಿಸಿ, ಹಾಸಿಗೆಯಿಂದ ಎಬ್ಬಿಸಿ ಕೂರಿಸಿದರು. ಅವರಲ್ಲಿ ಅನೇಕರು ನಡೆದಾಡುವಂತಾಗಿ ಮನೆಗೆ ಮರಳಿದರು. ಮುಪ್ಪೆಂದು ತಿಳಿಯಲಾಗಿದ್ದ ಅಸಹಾಯಕತೆಯ ದೊಡ್ಡ ಪಾಲು ಯಾರೂ ಪರೀಕ್ಷಿಸದೆ ಬಿಟ್ಟ ಕಾಯಿಲೆಯೂ, ಬಹುಕಾಲ ಮಲಗಿಸಿಯೇ ಇಟ್ಟದ್ದರಿಂದ ಬಂದ ನಿಶ್ಶಕ್ತಿಯೂ ಆಗಿತ್ತೆಂದು ಅವರು 1940ರ ದಶಕದಲ್ಲಿ ಬರೆದ ಲೇಖನಗಳಿಂದ ಸ್ಪಷ್ಟವಾಯಿತು. ಹಿರಿಯರ ರೋಗ, ಸಾಮರ್ಥ್ಯ, ಮನಸ್ಥಿತಿ, ಮನೆಯ ಪರಿಸ್ಥಿತಿಗಳನ್ನು ಒಟ್ಟಾಗಿ ನೋಡುವ ಇಂದಿನ ‘ಸಮಗ್ರ ವಾರ್ಧಕ್ಯ ಪರಿಶೀಲನೆ’ಯ ಬೇರು ಅಲ್ಲಿದೆ.

ಅದಾಗಿ ಮುಕ್ಕಾಲು ಶತಮಾನ ಕಳೆದರೂ ಕರ್ನಾಟಕದ ಯಾವುದೇ ಹೋಬಳಿಯ ಆಸ್ಪತ್ರೆಯಲ್ಲಿ ‘ವಯಸ್ಸಾಯ್ತಲ್ಲ ಅಜ್ಜಿ, ಇವೆಲ್ಲ ಇದ್ದದ್ದೇ’ ಎಂಬ ಮಾತು ಕೇಳಿಬರುತ್ತದೆ. ಹೇಳುವವರ ದನಿಯಲ್ಲಿ ಬಹುಪಾಲು ಪ್ರೀತಿಯೇ ಇರುತ್ತದೆ, ಆದರೆ ಮಾತಿನ ಪರಿಣಾಮ ಕಠೋರವಾದದ್ದು, ಏಕೆಂದರೆ ಮಂಡಿ ಏಕೆ ಊದಿದೆ, ಊಟ ಏಕೆ ಸೇರುತ್ತಿಲ್ಲ, ಕಳೆದ ತಿಂಗಳು ಬಚ್ಚಲಲ್ಲಿ ಬಿದ್ದದ್ದು ಹೇಗೆ ಎಂಬ ವಿಚಾರಣೆ ಅಲ್ಲಿಗೇ ನಿಂತುಬಿಡುತ್ತದೆ. ಇನ್ನೂ ಕಷ್ಟದ ಸಂಗತಿಯೆಂದರೆ ಹಿರಿಯರು ಸ್ವತಃ ಇದನ್ನು ನಂಬಿರುತ್ತಾರೆ. ಕೆಮ್ಮಿದಾಗ ಮೂತ್ರ ಸೋರುವುದನ್ನೂ, ಹಲವು ಹೆರಿಗೆಗಳ ನಂತರ ಜಾರಿದ ಗರ್ಭಕೋಶವನ್ನು ವರ್ಷಗಟ್ಟಲೆ ಹೊತ್ತು ತಿರುಗುವುದನ್ನೂ ವಯಸ್ಸಾದ ಹೆಣ್ಣುಮಕ್ಕಳು ಯುವ ವೈದ್ಯನ ಎದುರು, ಅದೂ ಸೊಸೆಯೋ ಮೊಮ್ಮಗನೋ ಪಕ್ಕದಲ್ಲಿರುವಾಗ, ತಾವಾಗಿ ಹೇಳುವುದು ಅಪರೂಪ. ಹೆಂಡತಿಯನ್ನು ಕಳೆದುಕೊಂಡ ಮುದುಕರು ತಮ್ಮ ಖಿನ್ನತೆಯನ್ನು ‘ಯಾಕೋ ಜೀವಕ್ಕೆ ಸಮ ಇಲ್ಲ’ ಎಂಬಷ್ಟರಲ್ಲಿ ಮುಗಿಸುತ್ತಾರೆ. ಆದ್ದರಿಂದ ಹಿರಿಯರಿಗಾಗಿ ರೂಪಿಸಿದ ಸೇವೆ ಎಂಬುದರ ಮೊದಲ ಲಕ್ಷಣ, ಅವರು ಹೇಳಲಾರದ್ದನ್ನು ತಾನಾಗಿಯೇ, ಏಕಾಂತದಲ್ಲಿ, ಸಂಕೋಚವಾಗದ ಮಾತಿನಲ್ಲಿ ಕೇಳುವುದು.

ಏನನ್ನು ಕೇಳಬೇಕೆಂಬುದು ಇಂದು ಅಸ್ಪಷ್ಟವೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2015ರ ತನ್ನ ವರದಿಯಲ್ಲಿ ವೃದ್ಧಾಪ್ಯದ ಆರೋಗ್ಯವೆಂದರೆ ರೋಗವಿಲ್ಲದಿರುವುದಲ್ಲ, ತಾನು ಬೆಲೆಕೊಡುವ ಕೆಲಸಗಳನ್ನು ಮಾಡಿಕೊಂಡಿರಲು ಬೇಕಾದ ಸಾಮರ್ಥ್ಯ ಉಳಿದಿರುವುದು ಎಂದು ನಿರೂಪಿಸಿ, ಬಳಿಕ 2017 ಮತ್ತು 2019ರಲ್ಲಿ ಅದಕ್ಕೆ ತಕ್ಕ ಮಾರ್ಗಸೂಚಿ ಹಾಗೂ ಕೈಪಿಡಿಗಳನ್ನು ಹೊರತಂದಿತು. ಅವುಗಳ ಪ್ರಕಾರ ನೋಡಬೇಕಾದ ಸಾಮರ್ಥ್ಯಗಳು ಆರು: ನೆನಪು ಮತ್ತು ಗ್ರಹಿಕೆ, ಚಲನೆ, ಪೋಷಣೆ, ದೃಷ್ಟಿ, ಶ್ರವಣ, ಮನಸ್ಸಿನ ನೆಮ್ಮದಿ. ಪರೀಕ್ಷೆಗಳಿಗೆ ಯಂತ್ರ ಬೇಕಿಲ್ಲ. ಮೂರು ಪದಗಳನ್ನು ಹೇಳಿ ಸ್ವಲ್ಪ ಹೊತ್ತಿನ ನಂತರ ಮತ್ತೆ ಕೇಳುವುದು. ಕೈಯೂರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹದಿನಾಲ್ಕು ಸೆಕೆಂಡಿಗಿಂತ ಹೆಚ್ಚು ಬೇಕಾಗುತ್ತದೆಯೇ ಎಂದು ನೋಡುವುದು. ಬಯಸದೆಯೂ ಮೂರು ತಿಂಗಳಲ್ಲಿ ಮೂರು ಕಿಲೋಗಿಂತ ಹೆಚ್ಚು ತೂಕ ಇಳಿದಿದೆಯೇ, ಹಸಿವು ಕುಗ್ಗಿದೆಯೇ ಎಂದು ವಿಚಾರಿಸುವುದು. ಪಿಸುಮಾತು ಕೇಳಿಸುತ್ತದೆಯೇ ಎಂದು ಪರೀಕ್ಷಿಸುವುದು. ಕಳೆದ ಎರಡು ವಾರಗಳಲ್ಲಿ ಮನಸ್ಸು ಕುಗ್ಗಿತ್ತೇ, ಯಾವುದರಲ್ಲೂ ಆಸಕ್ತಿ ಇಲ್ಲವಾಗಿತ್ತೇ ಎಂದು ಕೇಳುವುದು, ಇಂಥವು. ತರಬೇತಿ ಪಡೆದ ಸಮುದಾಯ ಆರೋಗ್ಯ ಅಧಿಕಾರಿಯೊಬ್ಬರು ಇವನ್ನು ಉಪಕೇಂದ್ರದಲ್ಲೇ ಮಾಡಬಲ್ಲರು. ನೆಲದ ಮೇಲೆಯೇ ಕೂತು ಏಳುವ ಮನೆಗಳಿಂದ ಬರುವವರಿಗೆ ಕುರ್ಚಿಯ ಪರೀಕ್ಷೆಯ ಜೊತೆಗೆ ‘ಚಾಪೆಯಿಂದ ಒಬ್ಬರೇ ಏಳುತ್ತೀರಾ’ ಎಂಬ ಪ್ರಶ್ನೆಯನ್ನೂ ಸೇರಿಸಿದರೆ ಉತ್ತರ ಇನ್ನಷ್ಟು ನಿಜವಾಗುತ್ತದೆ.

ರೋಗಿಯ ಅನುಭವ ವೈದ್ಯರ ಮೇಜಿನೆದುರು ಶುರುವಾಗುವುದಿಲ್ಲ, ಮನೆಯ ಹೊಸ್ತಿಲಲ್ಲಿ ಶುರುವಾಗುತ್ತದೆ. ದಿನಕ್ಕೆರಡು ಸಲ ಬರುವ ಬಸ್ಸು, ಅದರ ಎತ್ತರದ ಮೆಟ್ಟಿಲು, ಇಳಿದ ಮೇಲೆ ಬಿಸಿಲಲ್ಲಿ ನಡಿಗೆ, ಸಕ್ಕರೆಯ ಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿ ಹೊರಟ ಸಂಕಟ, ಕೇಂದ್ರದಲ್ಲಿ ಬೆಂಚು ಸಿಗದೆ ಗೋಡೆಗೊರಗಿ ನಿಂತ ಹೊತ್ತು, ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿ ಬಂದವರಿಗೆ ಬೀಗ ಹಾಕಿದ ಶೌಚಾಲಯ ಇವೆಲ್ಲ ಸೇರಿ ಒಂದು ಭೇಟಿಯ ಬೆಲೆಯನ್ನು ನಿರ್ಧರಿಸುತ್ತವೆ. 2008ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಹಿರಿಯಸ್ನೇಹಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕೈಪಿಡಿಯು ಕಟ್ಟಡ, ಸೂಚನಾಫಲಕ, ಸಿಬ್ಬಂದಿಯ ಸಂವಹನ ಎಲ್ಲವನ್ನೂ ಚಿಕಿತ್ಸೆಯ ಭಾಗವೆಂದೇ ಪರಿಗಣಿಸಿತ್ತು. ಇವುಗಳಲ್ಲಿ ಅತ್ಯಂತ ಕಡಿಮೆ ಖರ್ಚಿನದು, ಆದರೂ ಅತ್ಯಂತ ಅಲಕ್ಷಿತವಾದುದು, ಮಾತನಾಡುವ ರೀತಿ. ಮುಪ್ಪಿನಲ್ಲಿ ಕಿವಿ ಮೊದಲು ಕಳೆದುಕೊಳ್ಳುವುದು ಏರುಸ್ಥಾಯಿಯ ಸದ್ದುಗಳನ್ನು; ಸ, ಶ, ತ, ಕ, ಪ ಮುಂತಾದ ವ್ಯಂಜನಗಳನ್ನು ಒಂದರಿಂದೊಂದು ಬೇರ್ಪಡಿಸುವ ಸೂಕ್ಷ್ಮಗಳು ಬಹುಪಾಲು ಆ ಸದ್ದುಗಳಲ್ಲೇ ಇರುವುದರಿಂದ ಹಿರಿಯರಿಗೆ ದನಿ ಕೇಳಿಸಿದರೂ ಪದ ತಿಳಿಯುವುದಿಲ್ಲ, ಕಿರುಚಿದರೆ ದನಿ ಕರ್ಕಶವಾಗುತ್ತದೆಯೇ ಹೊರತು ಪದ ತಿಳಿಯಾಗುವುದಿಲ್ಲ. ಎದುರು ಕೂತು, ತುಟಿ ಕಾಣುವಂತೆ, ನಿಧಾನವಾಗಿ ಮಾತನಾಡುವುದೇ ಉಪಾಯ. ಗದ್ದಲದ ಪಡಸಾಲೆಯಲ್ಲಿ ಹೆಸರು ಕೂಗಿದ್ದು ಕೇಳಿಸದೆ ಸರದಿ ತಪ್ಪಿಸಿಕೊಂಡವರು, ವೈದ್ಯರು ತಮ್ಮನ್ನು ಬಿಟ್ಟು ಜೊತೆಗೆ ಬಂದ ಮಗನ ಕಡೆಗೇ ಮುಖ ಮಾಡಿ ‘ಇವರಿಗೇನಾಗಿದೆ’ ಎಂದು ಕೇಳಿದ್ದನ್ನು ನೋಡುತ್ತ ಕೂತವರು ಮುಂದಿನ ಸಲ ‘ಮಾತ್ರೆ ನೀನೇ ತಂದುಬಿಡು’ ಎಂದು ಮಗನನ್ನೇ ಕಳಿಸುತ್ತಾರೆ. ದಾಖಲೆಯಲ್ಲಿ ಆ ಭೇಟಿಯೂ ಒಬ್ಬ ಹಿರಿಯರಿಗೆ ಸಂದ ಸೇವೆಯಾಗಿಯೇ ಉಳಿಯುತ್ತದೆ.

ಮಾತ್ರೆಗಳ ವಿಚಾರ ಹೆಚ್ಚಿನ ವಿವರಣೆ ಬೇಡುತ್ತದೆ, ಏಕೆಂದರೆ ಹಿರಿಯರ ಪಾಲಿಗೆ ಪ್ರಾಥಮಿಕ ಆರೋಗ್ಯ ಸೇವೆಯೆಂದರೆ ಬಹುಮಟ್ಟಿಗೆ ಮಾತ್ರೆಯೇ ಆಗಿದೆ. ಐದು ಅಥವಾ ಅದಕ್ಕಿಂತ ಹೆಚ್ಚು ಔಷಧಿಗಳನ್ನು ನಿತ್ಯ ಸೇವಿಸುವ ಸ್ಥಿತಿಯನ್ನು ಸಾಮಾನ್ಯವಾಗಿ ಬಹುಔಷಧ ಸೇವನೆ ಎಂದು ಕರೆಯುತ್ತಾರೆ. ವಯಸ್ಸಾದಂತೆ ಮೂತ್ರಪಿಂಡಗಳು ಔಷಧಿಯನ್ನು ಹೊರಹಾಕುವ ವೇಗ ತಗ್ಗುವುದರಿಂದ ಹಳೆಯ ಪ್ರಮಾಣವೇ ಹೆಚ್ಚಾಗಿಬಿಡಬಹುದು. ರಕ್ತದೊತ್ತಡಕ್ಕೆ ಕೊಟ್ಟ ಆಮ್ಲೊಡಿಪಿನ್ ಕೆಲವರಲ್ಲಿ ಕಾಲು ಊದಿಸುತ್ತದೆ; ಊತವನ್ನು ಹೊಸ ರೋಗವೆಂದು ತಿಳಿದು ಮೂತ್ರ ಹೆಚ್ಚಿಸುವ ಮಾತ್ರೆ ಬರೆಯಲಾಗುತ್ತದೆ; ಅದರಿಂದ ರಾತ್ರಿ ಮತ್ತೆ ಮತ್ತೆ ಏಳಬೇಕಾಗಿ, ಕತ್ತಲಲ್ಲಿ ತಲೆ ಸುತ್ತಿ ಬಿದ್ದು ಸೊಂಟದ ಮೂಳೆ ಮುರಿಯುತ್ತದೆ. ಒಂದು ಔಷಧಿಯ ಅಡ್ಡಪರಿಣಾಮಕ್ಕೆ ಇನ್ನೊಂದು ಔಷಧಿ ಬೆಳೆಯುತ್ತ ಹೋಗುವ ಈ ಸರಪಳಿಯನ್ನು ಕಡಿಯಬೇಕಾದದ್ದು ಪ್ರಾಥಮಿಕ ಹಂತದಲ್ಲೇ, ಏಕೆಂದರೆ ಕಣ್ಣಿನವರು, ಮೂಳೆಯವರು, ಹೃದಯದವರು ಬರೆದ ಚೀಟಿಗಳೆಲ್ಲ ಒಟ್ಟಿಗೆ ಸೇರುವ ಜಾಗ ಬೇರೊಂದಿಲ್ಲ. ಮಲಗಿದ್ದಾಗ ನೋಡಿದ ಬಿ.ಪಿ.ಯನ್ನು ಎದ್ದು ನಿಂತ ಮೂರು ನಿಮಿಷದೊಳಗೆ ಮತ್ತೊಮ್ಮೆ ನೋಡಿದಾಗ ಮೇಲಿನ ಅಂಕಿ ಇಪ್ಪತ್ತು ಅಥವಾ ಹೆಚ್ಚು ಇಳಿದಿದ್ದರೆ ಬೀಳುವ ಅಪಾಯವಿದೆಯೆಂದು ಅರ್ಥ. ಈ ಸರಳ ಪರೀಕ್ಷೆ ಕೂಡ ಹಿರಿಯರಿಗೆ ಮೀಸಲಾದ ವಾರದ ದಿನದಂದು ನಡೆಯುವುದು ವಿರಳ. ನೆಗಡಿಗೆ, ತುರಿಕೆಗೆ ಸಲೀಸಾಗಿ ಕೊಡುವ ಹಳೆಯ ಕಾಲದ ಅಲರ್ಜಿ ಮಾತ್ರೆಗಳು, ನಿದ್ದೆಗೆಂದು ಶುರುವಾಗಿ ನಿಲ್ಲದ ಆಲ್‌ಪ್ರಜೋಲಂ, ಮಂಡಿನೋವಿಗೆ ತಿಂಗಳುಗಟ್ಟಲೆ ನುಂಗುವ ಡೈಕ್ಲೊಫೆನಾಕ್ ಇವು ಮುದಿ ದೇಹದಲ್ಲಿ ಮಂಪರು, ಗೊಂದಲ, ಮೂತ್ರಪಿಂಡದ ಹಾನಿಗಳಿಗೆ ದಾರಿಮಾಡುತ್ತವೆ. ಇಷ್ಟರ ಮೇಲೆ, ಅಕ್ಷರ ಓದಲಾರದ ಹಿರಿಯರು ಮಾತ್ರೆಯನ್ನು ಗುರುತಿಸುವುದು ಬಣ್ಣ ಮತ್ತು ಗಾತ್ರದಿಂದ. ಸರ್ಕಾರಿ ಸರಬರಾಜಿನ ತಯಾರಕರು ಬದಲಾದಾಗ ಅದೇ ಔಷಧಿ ಬೇರೆ ಬಣ್ಣದಲ್ಲಿ ಬರುತ್ತದೆ, ಹಳೆಯದನ್ನೂ ಹೊಸದನ್ನೂ ಎರಡು ಬೇರೆ ಔಷಧಿಗಳೆಂದು ತಿಳಿದು ಎರಡನ್ನೂ ನುಂಗುವ ಅಪಾಯ ಕಲ್ಪನೆಯದಲ್ಲ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ಮೆಡಿಕಲ್ ಅಂಗಡಿಯಿಂದ ತಂದವುಗಳನ್ನೂ ಸೇರಿಸಿ, ಒಂದು ಕೈಚೀಲದಲ್ಲಿ ತರಲು ಹೇಳಿ ಒಂದೊಂದನ್ನೂ ಮೇಜಿನ ಮೇಲಿಟ್ಟು ‘ಇದನ್ನು ಯಾವಾಗ ತಗೊಳ್ತೀರಿ’ ಎಂದು ಕೇಳುವ ಪದ್ಧತಿ ಹಲವು ದೇಶಗಳಲ್ಲಿ ರೂಢಿಯಲ್ಲಿದೆ. ಹಿರಿಯರ ದಿನ ಎಂದು ಹೆಸರಿಟ್ಟ ದಿನದಂದು ಈ ಒಂದು ಕೆಲಸವಾದರೂ ನಡೆದರೆ ಅನೇಕರು ಮನೆಗೆ ಹಗುರವಾದ ಚೀಲದೊಂದಿಗೆ ಮರಳಿಯಾರು.

ಇದಕ್ಕೆಲ್ಲ ಸಮಯ ಬೇಕು, ಅದಕ್ಕಿಂತ ಮಿಗಿಲಾಗಿ ಪರಿಚಯ ಬೇಕು. ಕಳೆದ ಸಲ ಬಂದಾಗ ಕೋಲಿಲ್ಲದೆ ನಡೆಯುತ್ತಿದ್ದವರು ಈ ಸಲ ಗೋಡೆ ಹಿಡಿದು ಬರುತ್ತಿದ್ದಾರೆಂಬುದು ಕಳೆದ ಸಲ ನೋಡಿದವರಿಗೆ ಮಾತ್ರ ತಿಳಿಯುತ್ತದೆ. ಗುತ್ತಿಗೆಯ ಮೇಲೆ ಬಂದು ಹೋಗುವ ವೈದ್ಯರಿಂದ, ವರ್ಗಾವಣೆಗಳಿಂದ ಈ ಸಾತತ್ಯ ಕಡಿದುಹೋಗುತ್ತದೆ, ಪ್ರತಿಸಲವೂ ಹೊಸ ಮುಖದೆದುರು ತಮ್ಮ ಕಥೆಯನ್ನು ಮೊದಲಿಂದ ಹೇಳಬೇಕಾಗುವುದು ಹಿರಿಯರನ್ನು ರೋಗಕ್ಕಿಂತ ಹೆಚ್ಚಾಗಿ ದಣಿಸುತ್ತದೆ. ಹಾಗೆಂದು ಸಾತತ್ಯವನ್ನು ಕಾಪಾಡುವ ಕಲೆ ನಮ್ಮ ವ್ಯವಸ್ಥೆಗೆ ಗೊತ್ತಿಲ್ಲವೆನ್ನಲಾಗದು. ಕರ್ನಾಟಕದ ಪ್ರತಿ ಗರ್ಭಿಣಿಗೂ ಒಂದು ತಾಯಿ ಕಾರ್ಡ್ ಇರುತ್ತದೆ. ಅವಳ ತೂಕ, ರಕ್ತ, ಬಿ.ಪಿ., ಚುಚ್ಚುಮದ್ದು, ಹಿಂದಿನ ಹೆರಿಗೆಯ ತೊಡಕು ಎಲ್ಲವೂ ಅದರಲ್ಲಿ ದಾಖಲಾಗಿ, ಅವಳು ತವರಿಗೆ ಹೋದರೂ ಜೊತೆಯಲ್ಲೇ ಹೋಗುತ್ತದೆ. ತಪಾಸಣೆಗೆ ಬಾರದಿದ್ದರೆ ಆಶಾ ಕಾರ್ಯಕರ್ತೆ ಮನೆಗೇ ಬಂದು ವಿಚಾರಿಸುತ್ತಾರೆ. ಒಬ್ಬ ಹೆಣ್ಣುಮಗಳನ್ನು ಒಂಬತ್ತು ತಿಂಗಳ ಕಾಲ ಹೆಸರು ಹಿಡಿದು ಹಿಂಬಾಲಿಸಲು ಕಲಿತ ಆರೋಗ್ಯ ಕೇಂದ್ರಕ್ಕೆ ಅದೇ ಹೆಣ್ಣುಮಗಳನ್ನು ಅವಳ ಎಪ್ಪತ್ತನೆಯ ವಯಸ್ಸಿನಲ್ಲಿ ಹಿಂಬಾಲಿಸುವುದು ಅಸಾಧ್ಯವಾಗಬೇಕಿಲ್ಲ. ಹಿರಿಯರ ಮೊದಲ ಭೇಟಿಯಲ್ಲಿ ನಿಗದಿತ ನಮೂನೆಯೊಂದನ್ನು ತುಂಬಬೇಕೆಂದು ರಾಷ್ಟ್ರೀಯ ಕಾರ್ಯಕ್ರಮ ಹೇಳುತ್ತದೆ. ಅದು ಅವರ ಕೈಯಲ್ಲೇ ಉಳಿಯುವ, ಪ್ರತಿ ಭೇಟಿಯಲ್ಲಿ ಬೆಳೆಯುವ ಪುಸ್ತಕವಾಗಬೇಕು. ವಾರದ ಪ್ರತ್ಯೇಕ ದಿನಕ್ಕಿಂತ ಇಂಥ ಪುಸ್ತಕವೂ ಪರಿಚಿತ ಮುಖವೂ ಹಿರಿಯರಿಗೆ ಹೆಚ್ಚು ಉಪಕಾರಿಯೆಂದೇ ಹೇಳಬೇಕಾಗುತ್ತದೆ, ಏಕೆಂದರೆ ಎದೆಯುರಿಯೂ ತಲೆಸುತ್ತೂ ನಿಗದಿತ ವಾರ ನೋಡಿಕೊಂಡು ಬರುವುದಿಲ್ಲ, ಕರೆತರುವ ಮಗಳಿಗೆ ಅಂದೇ ಕೂಲಿ ಬಿಡಲು ಸಾಧ್ಯವೂ ಆಗುವುದಿಲ್ಲ.

ಕೇಂದ್ರದವರೆಗೆ ಬರಲಾರದವರ ಸ್ಥಿತಿ ಇನ್ನೂ ಬೇರೆ. 2024ರ ಅಕ್ಟೋಬರಿನಲ್ಲಿ ಆಯುಷ್ಮಾನ್ ಭಾರತ್ ಯೋಜನೆಯನ್ನು ಎಪ್ಪತ್ತು ದಾಟಿದ ಎಲ್ಲರಿಗೂ, ಆದಾಯದ ಮಿತಿಯಿಲ್ಲದೆ ವಿಸ್ತರಿಸಿದ್ದು ದೊಡ್ಡ ಹೆಜ್ಜೆಯೇ, ಆದರೆ ವರ್ಷಕ್ಕೆ ಐದು ಲಕ್ಷ ರೂಪಾಯಿಯ ಆ ರಕ್ಷಣೆ ಆಸ್ಪತ್ರೆಗೆ ದಾಖಲಾದವರಿಗೆ ಸಲ್ಲುವಂಥದ್ದು. ಹಾಸಿಗೆಯಿಂದ ಬಚ್ಚಲಿಗೆ ಹೋಗಲು ಆಗದವರ ದಿನನಿತ್ಯದ ಅಗತ್ಯ ಅದರ ವ್ಯಾಪ್ತಿಯಲ್ಲಿಲ್ಲ. ಇಲ್ಲಿ ನೆರೆಯ ರಾಜ್ಯಗಳಿಂದ ಕಲಿಯಲು ಬೇಕಾದಷ್ಟಿದೆ. ಕೇರಳವು 2008ರಲ್ಲಿ ಉಪಶಾಮಕ ಆರೈಕೆಯ, ಅಂದರೆ ವಾಸಿಯಾಗದ ರೋಗದ ನೋವು ಮತ್ತು ಸಂಕಟಗಳನ್ನು ತಗ್ಗಿಸುವ ಆರೈಕೆಯ ನೀತಿಯನ್ನು ರೂಪಿಸಿ, ಸ್ಥಳೀಯ ಪಂಚಾಯಿತಿಗಳ ನೆರವಿನಿಂದ ದಾದಿಯರನ್ನು ಮನೆಮನೆಗೆ ಕಳಿಸಿತು. ತಮಿಳುನಾಡು 2021ರ ಆಗಸ್ಟಿನಲ್ಲಿ ಆರಂಭಿಸಿದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಬಿ.ಪಿ., ಶುಗರ್ ಮಾತ್ರೆಗಳನ್ನು ಮನೆಬಾಗಿಲಿಗೆ ಒಯ್ಯುವುದರ ಜೊತೆಗೆ ಫಿಸಿಯೊಥೆರಪಿ ಮಾಡಿಸುವವರನ್ನೂ ಕಳಿಸುತ್ತದೆ. ಕರ್ನಾಟಕ 2024ರಲ್ಲಿ ಕೋಲಾರದಿಂದ ಆರಂಭಿಸಿದ ‘ಗೃಹ ಆರೋಗ್ಯ’ ಇದೇ ದಿಕ್ಕಿನದು. ಮನೆಗೆ ಬಂದವರು ಬಿ.ಪಿ. ಪಟ್ಟಿ ಕಟ್ಟಿ ಅಂಕಿ ಬರೆದುಕೊಂಡು ಹೊರಡುವರೋ, ಅಥವಾ ಮಂಚದ ಎತ್ತರ, ಬಚ್ಚಲಿನ ಜಾರುಕಲ್ಲು, ಸೊಂಟದ ಹುಣ್ಣು, ಒಲೆಯ ಮೇಲಿನ ಪಾತ್ರೆಯಲ್ಲೇನಿದೆ ಎಂಬುದನ್ನೂ ನೋಡುವರೋ ಎಂಬುದರ ಮೇಲೆ ಅದರ ಫಲ ನಿಂತಿದೆ.

ಮನೆಗೆ ಹೋದಾಗ ಮಾತ್ರ ಕಣ್ಣಿಗೆ ಬೀಳುವ ಇನ್ನೊಬ್ಬ ವ್ಯಕ್ತಿಯೂ ಇರುತ್ತಾರೆ: ಹಿರಿಯರ ಆರೈಕೆ ಮಾಡುವವರು. ಭಾರತದ ದೀರ್ಘಾವಧಿ ವೃದ್ಧಾಪ್ಯ ಅಧ್ಯಯನದ ಭಾಗವಾಗಿ ನಡೆದ ಸಮೀಕ್ಷೆಯು ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಮಂದಿ, ಮರೆಗುಳಿತನದ ಕಾಯಿಲೆಯಾದ ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆಂದು ಅಂದಾಜಿಸಿದೆ. ಅವರನ್ನು ಹಗಲಿರುಳು ನೋಡಿಕೊಳ್ಳುವವರು ಬಹುತೇಕ ಹೆಂಡತಿಯೋ ಸೊಸೆಯೋ ಮಗಳೋ ಆಗಿರುತ್ತಾರೆ, ಅನೇಕ ಮನೆಗಳಲ್ಲಿ ಅವರೂ ಅರವತ್ತು ದಾಟಿದವರೇ. ಗಂಡನ ಮಾತ್ರೆಗೆಂದು ತಿಂಗಳಿಗೊಮ್ಮೆ ಸಾಲಿನಲ್ಲಿ ನಿಲ್ಲುವ ಇಂಥ ಹೆಂಗಸು ಗಂಡನ ಚೀಟಿಯ ಲೆಕ್ಕಕ್ಕೆ ಸೇರುತ್ತಾಳೆಯೇ ವಿನಾ ಸ್ವತಃ ರೋಗಿಯಾಗಿ ಯಾರ ಗಮನಕ್ಕೂ ಬರುವುದಿಲ್ಲ, ಅವಳ ಬಿ.ಪಿ. ಎಷ್ಟಿದೆ, ರಾತ್ರಿ ನಿದ್ದೆ ಬರುತ್ತದೆಯೇ, ಗಂಡನನ್ನು ಎತ್ತಿ ಕೂರಿಸಿ ಬೆನ್ನು ಹಿಡಿದಿದೆಯೇ ಎಂದು ಕೇಳಿದವರಿಲ್ಲ. ಆರೈಕೆದಾರರ ಬೆಂಬಲವನ್ನು ಹಿರಿಯರ ಆರೈಕೆಯ ಭಾಗವಾಗಿಯೇ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಸೇರಿಸಿಕೊಂಡಿದೆ, ಮನೆಯವರಿಗೆ ಶುಶ್ರೂಷೆಯ ತರಬೇತಿ ಕೊಡುವ ಹೊಣೆಯನ್ನು ರಾಷ್ಟ್ರೀಯ ಕಾರ್ಯಕ್ರಮವೂ ಉಪಕೇಂದ್ರದ ಸಿಬ್ಬಂದಿಗೆ ವಹಿಸಿದೆ. ಈ ಬೆಂಬಲ ಜಾರಿಗೆ ಬರಲು ಹೊಸ ಕಟ್ಟಡವಾಗಲಿ ತಜ್ಞರಾಗಲಿ ಬೇಕಾಗಿಲ್ಲ. ಗಂಡನ ಮಾತ್ರೆ ಎಣಿಸಿ ಕೊಡುವ ಅದೇ ಬೆಳಿಗ್ಗೆ ಅವಳನ್ನು ಬೆಂಚಿನ ಮೇಲೆ ಕೂರಿಸಿ, ಅವಳ ಹೆಸರಿನಲ್ಲೂ ಒಂದು ಹೊರರೋಗಿ ಚೀಟಿ ಬರೆದು, ಡಾಕ್ಟರ ಕೋಣೆಗೆ ಕಳಿಸಬೇಕು.